ಸ್ಟ್ರೆಚರ್ ಬಟ್ಟೆಯ ಮೇಲೆ ಹಲಸಿನ ಹಪ್ಪಳ

ಗಂಗಮ್ಮ, ಅವತ್ತು ಸ್ಟ್ರೆಚರ್ ಬಟ್ಟೆಗಳನ್ನು ನೀವು ಒಗೆದು ತಂದುಕೊಟ್ಟಿದ್ದಿರಿ. ಕೊಟ್ಟಿಲ್ಲ ಎಂದು ನಾನು ಹೇಳಿದ್ದು ಸುಳ್ಳು. ಆ ನಾಲ್ಕೂ ಬಟ್ಟೆ ನನ್ನ ಮನೆಯಂಗಳದಲ್ಲಿದ್ದವು — ಮೇಲೆ ಹಲಸಿನ ಹಪ್ಪಳ ಒಣಗುತ್ತಿತ್ತು.

ನಗಬೇಡಿ. ಅಥವಾ ನಕ್ಕುಬಿಡಿ, ನನಗೇ ಈಗ ನಗು ತಡೆಯಲಾಗುವುದಿಲ್ಲ. ಶರಾವತಿಗೆ ಅಣೆಕಟ್ಟು ಏಳುತ್ತಿದ್ದ ವರ್ಷಗಳವು. ಸಾಗರ ಪೇಟೆಯಾಚೆಯ ನಮ್ಮ ಸಣ್ಣ ಆಸ್ಪತ್ರೆಯಲ್ಲಿ ನಾನು ಸ್ಟೋರ್ ಕೀಪರ್, ನೀವು ಬಟ್ಟೆ ಒಗೆಯುವ ವಿಭಾಗದವರು. ದೊಡ್ಡ ಅಪಘಾತವೇನಾದರೂ ಆದರೆ ಎಲ್ಲ ವಿಭಾಗದವರೂ ಕೂಡಿ ದುಡಿಯಬೇಕೆಂದು ಡಾಕ್ಟರು ತಾಲೀಮು ಇಟ್ಟಿದ್ದರು. ಗಂಟೆ ಹೊಡೆದೊಡನೆ ಅಡುಗೆಮನೆಯಿಂದ ಬಿಸಿನೀರು, ನಿಮ್ಮಿಂದ ಹಾಸುಬಟ್ಟೆ, ನನ್ನಿಂದ ಸ್ಟ್ರೆಚರು. ಗಂಟೆ ಯಾವಾಗ ಎಂಬುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ನನ್ನ ಹೆಂಡತಿಗೆ ಹಪ್ಪಳ ಹಾಕಲು ಚಾಪೆ ಸಾಲಲಿಲ್ಲ. ಶುಭ್ರವಾದ ದಪ್ಪ ಕ್ಯಾನ್ವಾಸು — ಒಂದು ಮಧ್ಯಾಹ್ನದ ಮಟ್ಟಿಗೆ ತಾನೆ ಎಂದುಕೊಂಡೆ. ಅದೇ ಮಧ್ಯಾಹ್ನ ಗಂಟೆ ಹೊಡೆಯಿತು! ಗಾಯಾಳುವಿನ ವೇಷದ ನಮ್ಮ ದಢೂತಿ ಗುಮಾಸ್ತರು ನೆಲದ ಮೇಲೆ ಸೊಗಸಾಗಿ ನರಳುತ್ತಿದ್ದರು; ನನ್ನ ಕೈಯಲ್ಲಿ ಸ್ಟ್ರೆಚರಿನ ಬರೀ ಕೋಲುಗಳು.

“ಬಟ್ಟೆ ಎಲ್ರೀ?” ಎಂದರು ಡಾಕ್ಟರು.

“ಗಂಗಮ್ಮ ಇನ್ನೂ ಕೊಟ್ಟಿಲ್ಲ ಸಾರ್.”

“ಬೆಳಗ್ಗೇನೇ ಕೊಟ್ಟಿದ್ನಲ್ಲ ಸಾ...” ಎಂದಿರಿ ನೀವು. ಅವರು ಕೇಳಿಸಿಕೊಳ್ಳಲಿಲ್ಲ. ಆ ತಿಂಗಳು ಕಾಯಂ ಆಗಬೇಕಿದ್ದ ನಿಮ್ಮ ಕೆಲಸ ಒಂದು ವರ್ಷ ಮುಂದಕ್ಕೆ ಹೋಯಿತು.

ಮರುದಿನ ಆ ಬಟ್ಟೆಗಳು ಮತ್ತೆ ನಿಮ್ಮ ಕೈಗೇ ಬಂದವು. ಮೂಸಿ ನೋಡಿ, “ಸ್ಟೋರಿನೋರೇ, ಈ ಪೇಶಂಟಿಗೆ ಜೀರಿಗೆ, ಮೆಣಸು ಯಾರು ಹಾಕಿದ್ರು?” ಎಂದಿರಿ. ಅಷ್ಟೇ. ಬೇರೆ ಯಾರ ಮುಂದೆಯೂ ಬಾಯಿಬಿಡಲಿಲ್ಲ — ಯಾಕೆಂದು ನಾನು ಕೇಳಲೂ ಇಲ್ಲ. ಅಂದಿನಿಂದ ದಿನಾ ಸಂಜೆ ಸ್ಟೋರಿನ ಬಾಗಿಲಲ್ಲಿ ನಿಂತು ಬಟ್ಟೆ ಎಣಿಸಿಯೇ ಮನೆಗೆ ಹೋಗುತ್ತಿದ್ದಿರಿ.

ಮಳೆಗಾಲದ ಆರಂಭದಲ್ಲಿ ಕೂಲಿಗಳಿದ್ದ ಲಾರಿ ಮಗುಚಿತು. ನಾಲ್ಕೂ ಸ್ಟ್ರೆಚರು ಗಂಟೆಯ ಸದ್ದು ನಿಲ್ಲುವ ಮೊದಲೇ ಅಂಗಳದಲ್ಲಿದ್ದವು. ಎಲ್ಲರೂ ಬದುಕಿದರು. ಡಾಕ್ಟರು ತಟ್ಟಿದ್ದು ನನ್ನ ಬೆನ್ನು. ಆಗಲಾದರೂ ಹೇಳಬಹುದಿತ್ತು... ಹೇಳಲಿಲ್ಲ.

ನೀವೀಗ ಹೊಸನಗರದಲ್ಲಿ ಮಗಳ ಮನೆಯಲ್ಲಿದ್ದೀರಂತೆ. ಭಾನುವಾರ ಬರುತ್ತೇನೆ, ಈ ಕಾಗದವನ್ನು ನಿಮ್ಮ ಮೊಮ್ಮಕ್ಕಳೆದುರು ನಾನೇ ಓದುತ್ತೇನೆ. ಹೆಂಡತಿ ನಿಮಗೆಂದು ಒಂದು ಕಟ್ಟು ಹಪ್ಪಳ ಕೊಡಲು ಬಂದಳು. ಬೇಡವೆಂದೆ. ಆ ವರ್ಷದ ಹಪ್ಪಳವನ್ನು ಅದೇ ಮಳೆಗಾಲದಲ್ಲಿ ತಿಂದು ಮುಗಿಸಿದೆವು. ಅದರ ಜೊತೆ ನಿಮ್ಮ ಒಂದು ವರ್ಷವನ್ನೂ ನಾನು ತಿಂದುಬಿಟ್ಟೆ, ಗಂಗಮ್ಮ.