ಗೂಟದೊಳಗಿನ ತಿಸ್ರೆ

ರಜೆಗೆ ಬಂದ ಮೊಮ್ಮಕ್ಕಳಿಗೆ ಈ ಸಲ ಬದನೆಕಾಯಿ ಹುಳಿ ಬಡಿಸಿದೆ. ಮೂವರೂ ತಟ್ಟೆ ನೋಡಿದರು. ಆಮೇಲೆ ನನ್ನನ್ನು ನೋಡಿದರು.

“ಅಜ್ಜೀ, ತಿಸ್ರೆ ಸುಕ್ಕೆ ಎಲ್ಲಿ?”

ಊಟ ಮುಗಿದ ಮೇಲೆ ಕಾಗದ ಹಿಡಿದು ಕೂತೆ. (ನನಗೆ ಮಾತಿಗಿಂತ ಬರೆಯುವುದೇ ಸಲೀಸು ಎಂದು ನಿಮಗೆಲ್ಲ ಗೊತ್ತಲ್ಲ.) ಮಕ್ಕಳೇ, ಉತ್ತರ ಇಲ್ಲಿದೆ.

ನಮ್ಮ ಕೋಡಿಬಾಗದಲ್ಲಿ ಕಾಳಿ ನದಿಯ ನೀರು ಇಳಿದಾಗ ಹೆಂಗಸರು ಕೆಸರು ಬಗೆದು ತಿಸ್ರೆ ಚಿಪ್ಪುಮೀನು ಹೆಕ್ಕುತ್ತಾರೆ. ಈಚೆಗೆ ಸಿಗುತ್ತಿದ್ದುದು ಉಗುರಿನಷ್ಟು ಚಿಪ್ಪು ಮಾತ್ರ. ಅದನ್ನೂ ಬಿಡದೆ ಹೆಕ್ಕಿದರೆ ಮರಿ ಬೆಳೆಯುವುದು ಯಾವಾಗ?

ಕಾಲೇಜಿನಿಂದ ರಿಸರ್ಚಿಗೆ ಬಂದ ವೀಣಾ ಕೇಳಿದ್ದೂ ಅದನ್ನೇ. ಕೆಸರಿನ ಒಂದು ತುಂಡಿಗೆ ಸುತ್ತ ಬಿದಿರಿನ ಗೂಟ ನೆಟ್ಟಳು. ವರ್ಷದ ಮಟ್ಟಿಗೆ ಒಳಗೆ ಯಾರೂ ಬಗೆಯಬಾರದು, ಮರಿ ಎಷ್ಟು ಬೆಳೆಯುತ್ತದೆ ನೋಡೋಣ ಎಂದಳು. ಒಬ್ಬರೂ ಗೂಟ ದಾಟಲಿಲ್ಲ. ವೀಣಾ ತಿಂಗಳಿಗೊಮ್ಮೆ ಬಂದು ಗೂಟ ಭದ್ರವಿದೆಯೇ ನೋಡುತ್ತಿದ್ದಳು, ನಮ್ಮ ಮನೆಗಳಲ್ಲಿ ಚಾ ಕುಡಿದು ಹೋಗುತ್ತಿದ್ದಳು.

ವರ್ಷ ತುಂಬಿ ಅಳೆಯುವ ದಿನ ಬೆಳಿಗ್ಗೆ ನೋಡುತ್ತೇನೆ, ಪಕ್ಕದ ಮನೆಯ ಸುಮಿತ್ರಾ ವೈನಿ ಬುಟ್ಟಿಗಟ್ಟಲೆ ತಿಸ್ರೆಯನ್ನು ಗೂಟದೊಳಗೆ ಸುರಿಯುತ್ತಿದ್ದಾರೆ. ದಪ್ಪ ದಪ್ಪದ್ದು!

“ಇದೇನು ವೈನಿ?”

“ಸುಮ್ನಿರೇ. ನಮ್ಮನಿ ಚಾ ಕುಡ್ದ ಹುಡುಗಿ, ಬರಿಗೈಲಿ ಕಳ್ಸೂದಾ? ಪೇಟೆಲಿ ತಕಂಡೆ. ಅಂಕೋಲೆ ಗಂಗಾವಳಿ ನದಿ ಮಾಲು!”

ಮನೆಮಗಳನ್ನು ಉಡಿ ತುಂಬಿ ಕಳಿಸುವ ಊರು ನಮ್ಮದು. ವೈನಿ ರಿಸರ್ಚಿಗೂ ಉಡಿ ತುಂಬಿದ್ದರು.

ವೀಣಾ ಬಂದಳು, ಕೆಸರು ಜಾಲಿಸಿದಳು. ಮುಖ ಅರಳಿತು. “ಒಂದೇ ವರ್ಷಕ್ಕೆ ಇಷ್ಟು ದೊಡ್ಡದಾ! ಗೂಟ ಕೀಳಬಹುದು ಅಂತ ರಿಪೋರ್ಟ್ ಬರೀತೇನೆ.”

ಹೆಂಗಸರು ಬುಟ್ಟಿ ಹಿಡಿದೇ ನಿಂತಿದ್ದರು. ಗೂಟ ಕಿತ್ತರೆ ಸಂಜೆಯೊಳಗೆ ಮರಿಯೂ ಉಳಿಯುವುದಿಲ್ಲ. ಹೇಳುವವರು ಯಾರು? ನಿಮ್ಮ ಅಜ್ಜ ಇರುವ ತನಕ ನಾಲ್ಕು ಜನರ ಎದುರಿನ ಮಾತೆಲ್ಲ ಅವರದೇ. ವೈನಿ ಬೇರೆ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ಸೀರೆ ಎತ್ತಿಕಟ್ಟಿ ಕೆಸರಿಗಿಳಿದೆ. ಒಂದು ಗೂಟವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೆ.

“ತಂಗೀ, ದೊಡ್ಡದೆಲ್ಲ ಪೇಟೆದು. ಸಣ್ಣದು ಮಾತ್ರ ನಮ್ಮ ನದಿದು. ಗೂಟ ಕೀಳೂದು ಬೇಡ.”

“ಬಾಯಿ ಇಲ್ದವ್ಳಿಗೆ ಇವತ್ತೇ ಬಾಯಿ ಬರ್ಬೇಕಿತ್ತಾ!” ವೈನಿ ಸಿಡುಕಿದರು. ವೀಣಾ ಅವರ ಕಡೆ ನೋಡಿದಳು, ಬುಟ್ಟಿಯ ಕಡೆ ನೋಡಿದಳು. ನಗಬೇಕೋ ಅಳಬೇಕೋ ತಿಳಿಯದೆ ಕೆಸರಲ್ಲೇ ಕೂತು ದೊಡ್ಡದನ್ನೆಲ್ಲ ಆರಿಸಿ ಬುಟ್ಟಿಗೆ ಹಾಕಿದಳು. ಉಳಿದದ್ದನ್ನು ಅಳೆದಳು. ಉಗುರಿಗಿಂತ ತುಸು ದೊಡ್ಡದು. ಬೆಳೆಯುತ್ತಿದೆ, ಆದರೆ ಇನ್ನೂ ಒಂದು ವರ್ಷ ಬೇಕು.

ಗೂಟ ಉಳಿಯಿತು. ಹೊರಗಿನ ಮರಿಗೂ ನಾನೀಗ ಕೈ ಹಾಕುವುದಿಲ್ಲ. ಅಂದು ಮಧ್ಯಾಹ್ನ ವೈನಿಯ ಮನೆಯಿಂದ ಸುಕ್ಕೆಯ ಘಮ ಬಂತು, ಬಟ್ಟಲು ಮಾತ್ರ ಬರಲಿಲ್ಲ.

ನೀನೂ ಪೇಟೆಯಿಂದ ತರಬಹುದಿತ್ತಲ್ಲ ಅಜ್ಜೀ, ಎನ್ನುತ್ತೀರಿ. ತರಬಹುದಿತ್ತು. ಆದರೆ ಮಕ್ಕಳೇ, ಪೇಟೆಗೆ ಬರುವುದು ಗಂಗಾವಳಿಯದು; ಅಲ್ಲಿ ಗೂಟ ಹಿಡಿದು ನಿಂತವರು ಯಾರಾದರೂ ಇದ್ದಾರಾ?