ಸುಮ್ಮನಿದ್ದರೆ ಒಪ್ಪಿದಂತೆಯೇ?

ಚಾಮರಾಜನಗರದ ಕಾಲೇಜಿನಲ್ಲಿ ನಾನು ಮನಃಶಾಸ್ತ್ರ ಕಲಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಸಂಶೋಧಕರ ತಂಡವೊಂದನ್ನು ಸೇರಿಕೊಂಡೆ. ಗಂಡಸೊಬ್ಬ ಲೈಂಗಿಕ ದೌರ್ಜನ್ಯ ಎಸಗದಂತೆ ತಡೆಯುವ ಮನೋಭಾವಗಳು ಯಾವುವು, ಅವನ್ನು ಅಳೆಯಲು ಆಗುತ್ತದೆಯೇ ಎಂಬುದು ಅವರ ಹುಡುಕಾಟ. ತಪ್ಪು ಮಾಡಿದವರ ಬಗ್ಗೆಯೇ ಓದಿಕೊಂಡಿದ್ದ ನನಗೆ, ಮಾಡದವರ ಬಗ್ಗೆ ಕೇಳುವುದು ಹೊಸತಾಗಿ ಕಂಡಿತು. ಪ್ರಶ್ನೆಗಳನ್ನು ಕನ್ನಡಕ್ಕೆ ತಂದು, ಅವು ಯುವಕರಿಗೆ ಹೇಗೆ ಅರ್ಥವಾಗುತ್ತವೆ ಎಂದು ನೋಡುವುದು ನನ್ನ ಪಾಲಿನ ಕೆಲಸ.

ಮೊದಲ ಸುತ್ತಿನಲ್ಲೇ ತಬ್ಬಿಬ್ಬಾದೆವು. ‘ಹೆಣ್ಣು ಬೇಡ ಎಂದರೆ ಅಲ್ಲಿಗೇ ನಿಲ್ಲಿಸಬೇಕು’ ಎಂಬ ಮಾತಿಗೆ ಎಲ್ಲರೂ ಒಪ್ಪಿದ್ದರು. ಎಲ್ಲರನ್ನೂ ಒಂದೇ ಎತ್ತರದವರಂತೆ ತೋರಿಸುವ ಅಳತೆ ಎಂಥ ಅಳತೆ? ಹಾಗಾಗಿ ಗುಂಡ್ಲುಪೇಟೆಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡಿಸತೊಡಗಿದೆ.

ಅವರಲ್ಲೊಬ್ಬ ಬೇಗೂರಿನವನು. ತರಕಾರಿ ಮಂಡಿಯಲ್ಲಿ ಕೆಲಸ, ಮದುವೆ ಗೊತ್ತಾಗಿತ್ತು. ನಮ್ಮ ಪಟ್ಟಿಯಲ್ಲಿದ್ದ ‘ಹೆಣ್ಣು ಸುಮ್ಮನಿದ್ದರೆ ಒಪ್ಪಿದಂತೆ’ ಎಂಬ ವಾಕ್ಯ ಓದಿ ಅವನು ತಕ್ಷಣ ಹೌದು ಅಂದ.

“ಯಾಕೆ ಹಾಗನ್ನಿಸುತ್ತೆ?” ಎಂದು ಕೇಳಿದೆ.

“ಎಣ್ಣು ನೋಡಕ್ ಓದಾಗ ನಮ್ ಉಡ್ಗಿ ತಲೆ ಬಗ್ಗಿಸ್ಕಂಡು ಸುಮ್ನೆ ಕುಂತಿತ್ತು ಮೇಡಂ. ಎಲ್ರೂ ಒಪ್ಪವ್ಳೆ ಅಂದ್ಬುಟ್ರು.”

“ನೀವು ಕೇಳಿದ್ರಾ?”

“ಇಲ್ಲ…” ಅವನು ಹಾಳೆಯ ಮೇಲಿನ ವಾಕ್ಯವನ್ನು ಮತ್ತೆ ಓದಿದ. “ಕೇಳ್ಬೇಕು ಅಂತ್ಲೇ ಒಳೀಲಿಲ್ಲ.”

ನಾನು ಬುದ್ಧಿ ಹೇಳದೆ ಮುಂದಿನ ವಾಕ್ಯಕ್ಕೆ ಹೋದೆ. ಪಾಠ ಮಾಡಲು ಹೊರಟರೆ ಅವನು ನನಗೆ ಬೇಕಾದ ಉತ್ತರ ಕೊಡುತ್ತಾನೆ, ತನ್ನದನ್ನಲ್ಲ.

ಮುಂದಿನ ವಾರ ಅವನೇ ಫೋನ್ ಮಾಡಿದ.

“ಅವ್ಳ್ನೇ ಕೇಳ್ಬುಟ್ಟೆ ಮೇಡಂ. ನಾನ್ ಬ್ಯಾಡ ಅಂತಲ್ವಂತೆ, ಈಗ್ಲೇ ಮದ್ವೆ ಬ್ಯಾಡ್ವಂತೆ. ಬಿ.ಎಡ್. ಮುಗುಸ್ಬೇಕಂತೆ.”

“ಮೊದಲೇ ಯಾಕೆ ಹೇಳಲಿಲ್ಲವಂತೆ?”

“ಯಾರೂ ಕೇಳ್ನಿಲ್ವಲ್ಲ ಅಂದ್ಳು. ನಂಗೆ ಮೊದ್ಲು ಮಕಕ್ಕೆ ಒಡ್ದಂಗಾಯ್ತು. ಆಮೇಲೆ, ಇವ್ಳು ನನ್ಜೊತೆ ಮಾತಾಡಿದ್ದು ಇದೇ ಮೊದ್ಲು ಅಲ್ವಾ ಅನ್ನುಸ್ತು.”

ಅವನ ತಾಯಿಗೆ ಇದು ಹಿಡಿಸಲಿಲ್ಲ. ನೆಂಟರ ಮುಂದೆ ಏನು ಹೇಳುವುದೆಂದು ಗದರಿದರಂತೆ. ಆದರೂ ಅವನು ಹಟ ಹಿಡಿದು ಮದುವೆಯನ್ನು ಮುಂದೂಡಿಸಿದ. ಅವಳು ಓದು ಮುಗಿಸಿದ ಮೇಲೆಯೇ ಮದುವೆಯಾಯಿತು. ನಾನೂ ಹೋಗಿದ್ದೆ. ಮದುಮಗಳು ಗೆಳತಿಯರ ಜೊತೆ ಗಟ್ಟಿಯಾಗಿ ನಗುತ್ತಿದ್ದಳು.

ಅವನ ಫೋನಿನ ಬೆನ್ನಲ್ಲೇ ನಮ್ಮ ಪಟ್ಟಿಯಲ್ಲಿ ಆ ವಾಕ್ಯ ಬದಲಾಗಿತ್ತು: ‘ಹೆಣ್ಣು ಸುಮ್ಮನಿದ್ದರೆ, ಅವಳ ಮನಸ್ಸಿನಲ್ಲಿ ಏನಿದೆಯೆಂದು ಕೇಳಿ ತಿಳಿಯುವವರೆಗೆ ನಾನು ಮುಂದುವರಿಯುವುದಿಲ್ಲ.’ ಈ ಸಲ ಎಲ್ಲರೂ ಒಂದೇ ಉತ್ತರ ಕೊಡಲಿಲ್ಲ. ಕೆಲವರು ಒಪ್ಪಿದರು, ಕೆಲವರು ತಡವರಿಸಿದರು, ಒಬ್ಬ “ಅಷ್ಟೆಲ್ಲ ಯಾರ್ ಕೇಳ್ತರೆ ಬುಡಿ” ಎಂದು ನಕ್ಕ. ನಮಗೆ ಬೇಕಿದ್ದದ್ದು ಈ ವ್ಯತ್ಯಾಸವೇ. ಆದರೆ ಕಾಗದದ ಮೇಲೆ ಒಪ್ಪಿದವನು ಯಾರೂ ನೋಡದ ಕಡೆಯಲ್ಲೂ ನಿಂತು ಕೇಳುತ್ತಾನೆಯೇ? ಅದನ್ನು ಹೇಗೆ ತಿಳಿಯುವುದೆಂದು ನಾನು ಈಗಲೂ ಯೋಚಿಸುತ್ತಿದ್ದೇನೆ.