ಮೇಲೆತ್ತಿದ ಕೈಗಳು

ಐವತ್ತರ ದಶಕದಲ್ಲಿ, ನಂದಿದುರ್ಗ ಎಂಬ ಚಿನ್ನದ ಗಣಿಯ ಲೈನಿನಲ್ಲಿ, ಅಂದರೆ ಕಾರ್ಮಿಕರ ಮನೆಸಾಲಿನಲ್ಲಿ, ನಮ್ಮ ಪಕ್ಕದ ಮನೆಯಲ್ಲಿ ಒಬ್ಬರಿದ್ದರು. ಪಾಳಿ ಮುಗಿಸಿ ಮೇಲೆ ಬಂದವರು ಚಿನ್ನ ಅಡಗಿಸಿಕೊಂಡಿದ್ದಾರೆಯೇ ಎಂದು ಮೈ ತಡವಿ ನೋಡುವುದು ಅವರ ಕೆಲಸ. "ಕೈ ಎತ್ತಣ್ಣ, ಬೇಜಾರ್ ಮಾಡ್ಕಬ್ಯಾಡ" ಎಂದು ಪ್ರತಿಯೊಬ್ಬರಿಗೂ ಹೇಳಿ, ಮುಖ ಆಚೆ ತಿರುಗಿಸಿಕೊಂಡು ತಡವುತ್ತಿದ್ದರಂತೆ. ಗಣಿಗೆ ಇಳಿಯುತ್ತಿದ್ದ ಅಪ್ಪ ಹೇಳಿದ್ದು ಇದು. ಆದರೂ ಲೈನಿನವರು ಯಾರೂ ಅವರ ಮನೆಯ ಹೊಸಿಲು ದಾಟುತ್ತಿರಲಿಲ್ಲ.

ಮಗಳ ಮದುವೆಗೆ ಅವರು ಮನೆಮನೆಗೂ ಹೋಗಿ ಕರೆದರು.

"ಬತ್ತೀಯಲ್ಲಣ್ಣ?"

"ಅಲ್ಲೂ ತಡವ್ತೀಯೇನಯ್ಯ?" ಎಂದು ಅಪ್ಪ ನಕ್ಕರು. ಅವರು ನಗಲಿಲ್ಲ.

ಚಪ್ಪರದ ಬಾಗಿಲಲ್ಲಿ ಅವರು ಪನ್ನೀರುದಾನಿ ಹಿಡಿದು ಎದುರು ಬಂದೊಡನೆ ಅಪ್ಪನ ಎರಡೂ ಕೈ ಮೇಲೆದ್ದವು. ಸುತ್ತಲಿದ್ದವರು ತಮಾಷೆಯೆಂದು ನಕ್ಕರು. ತಮಾಷೆಯೋ ಅಭ್ಯಾಸವೋ, ನನಗೆ ಇಂದಿಗೂ ಗೊತ್ತಿಲ್ಲ. ಅವರು ಪನ್ನೀರುದಾನಿ ಕೆಳಗಿಟ್ಟು, ಆ ಕೈಗಳನ್ನು ಹಿಡಿದು ಮೆಲ್ಲಗೆ ಇಳಿಸಿದರು.

"ಇಳಿಸಣ್ಣ. ಇದು ನಮ್ಮನೆ."

ಮುಂದೆ ವಿಶ್ವವಿದ್ಯಾಲಯದಲ್ಲಿ ಮನುಷ್ಯನ ಹಕ್ಕು, ಘನತೆಗಳ ಬಗ್ಗೆ ಓದುವಾಗಲೆಲ್ಲ, ಅಂದು ಚಪ್ಪರದ ಬಾಗಿಲಲ್ಲಿ ಕಂಡ ಅವರ ಒದ್ದೆ ಮುಖ ಕಣ್ಣೆದುರು ಬರುತ್ತಿತ್ತು. ಪನ್ನೀರು ಸಿಡಿದು ಒದ್ದೆಯಾಗಿದ್ದರೂ ಇರಬಹುದು. ನನ್ನ ನೆನಪನ್ನು ನಾನೇ ನಂಬುವುದಿಲ್ಲ.

ಮರುದಿನ ಪಾಳಿ ಮುಗಿದಾಗ ಅಪ್ಪ ಮತ್ತೆ ಅವರೆದುರು ಕೈ ಎತ್ತಿರಲೇಬೇಕು.